ಗೇಣುದ್ದದ ಮಿಗ್‌-21: ಡಿಕಾಲ್ ಅಂಟಿಸುವ ದಿನ ಅವಸರ ಬೇಡ

ಪಕ್ಕದ ಮನೆಯ ಹುಡುಗ ರಜೆಯಲ್ಲಿ ಕಟ್ಟಿದ ಮಿಗ್‌-21 ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ತಂದು ತೋರಿಸಿದ. ಜೋಡಣೆ ಚೊಕ್ಕಟವಾಗಿತ್ತು, ಬಣ್ಣವೂ ಪರವಾಗಿರಲಿಲ್ಲ. ಆದರೆ ರೆಕ್ಕೆಯ ಮೇಲಿನ ಕೇಸರಿ-ಬಿಳಿ-ಹಸಿರು ಚಕ್ರದ ಸುತ್ತ ಹಾವಿನ ಪೊರೆ ಅಂಟಿದಂತೆ ಬೆಳ್ಳಗೆ ಹೊಳೆಯುವ ಅಂಚು. ‘ಅಂಕಲ್, ಇದ್ಯಾಕೆ ಹಿಂಗಾಯ್ತು?’ ಎಂದ. ಮೂರು ವಾರದ ಕೆಲಸ ಕೊನೆಯ ಅರ್ಧ ಗಂಟೆಯಲ್ಲಿ ಕೆಟ್ಟಿತ್ತು. ನನ್ನ ಮೊದಲ ನಾಲ್ಕು ವಿಮಾನಗಳ ಗತಿಯೂ ಇದೇ. ಅದಕ್ಕೇ ಈ ಲೇಖನದಲ್ಲಿ, ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ತೆಳು ಪೊರೆಯಾದ ಡಿಕಾಲ್‌ಗೇ ಹೆಚ್ಚು ಜಾಗ.

ಕಿಟ್ ಆಯ್ಕೆ

1963ರಲ್ಲಿ ನಮ್ಮ ವಾಯುಪಡೆ ಸೇರಿದ ಮಿಗ್‌-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತವಾಯಿತು. ಅಷ್ಟು ವರ್ಷಗಳಲ್ಲಿ ಅದರ ಎಫ್‌ಎಲ್, ಬಿಸ್, ಬೈಸನ್ ಹೀಗೆ ಹಲವು ಅವತಾರಗಳು ಹಾರಿವೆ. 1971ರ ಯುದ್ಧದ ಎಫ್‌ಎಲ್‌ಗೆ ಬೆನ್ನು ತೆಳು, ಬೈಸನ್‌ಗೆ ಮೂಲವಾದ ಬಿಸ್‌ಗೆ ಬೆನ್ನು ದಪ್ಪ. ಡಬ್ಬಿಯ ಮೇಲೆ ‘ಮಿಗ್‌-21’ ಅಂತಿದ್ದರೆ ಸಾಲದು, ಯಾವ ಮಾದರಿ ಎಂದು ಓದಿಯೇ ದುಡ್ಡು ಕೊಡಿ. 1:72 ಅಳತೆ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಪಾಲು, ಸಾಕು. ಮುಗಿದಾಗ ಸುಮಾರು 20 ಸೆಂಟಿಮೀಟರ್, ಶೋಕೇಸಿನ ಒಂದು ಮೂಲೆಗೆ ಸರಿಹೋಗುತ್ತದೆ.

ಕೆಲವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ನ್ಯಾಟ್ ಯುದ್ಧವಿಮಾನ ಕಟ್ಟುವ ಆಸೆಯಿಂದ ಏರ್‌ಫಿಕ್ಸ್‌ನ ಕೆಂಪು ನ್ಯಾಟ್ ಕಿಟ್ ತರುತ್ತಾರೆ. ಅದು ಬ್ರಿಟನ್ನಿನ ಎರಡು ಸೀಟಿನ ತರಬೇತಿ ವಿಮಾನ. ನಮ್ಮದು ಒಂದೇ ಸೀಟಿನದು, ರೆಕ್ಕೆಯೂ ಬೇರೆ. ಅದಕ್ಕೆ ಎಷ್ಟು ಬಣ್ಣ ಬಳಿದರೂ ಅದು ನಮ್ಮ ನ್ಯಾಟ್ ಆಗುವುದಿಲ್ಲ.

ಜೋಡಣೆ

ಭಾಗಗಳನ್ನು ಚೌಕಟ್ಟಿನ ಸಮೇತ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಕೈಯಿಂದ ತಿರುಚಿ ಮುರಿಯಬೇಡಿ. ಕಟರ್‌ನಿಂದ ಮೊದಲು ಸ್ವಲ್ಪ ದೂರದಲ್ಲಿ, ಆಮೇಲೆ ಹತ್ತಿರದಲ್ಲಿ, ಎರಡು ಸಲ ಕತ್ತರಿಸಿ. ಮನೆಯ ನೈಲ್ ಕಟರ್ ಆದರೂ ನಡೆಯುತ್ತದೆ.

ಫೆವಿಕ್ವಿಕ್ ಡ್ರಾಯರ್‌ನಲ್ಲೇ ಇರಲಿ. ಅದರ ಆವಿ ತಾಗಿದರೆ ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ ಮಂಜು ಮುಸುಕಿದಂತಾಗುತ್ತದೆ. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ತೆಳು ಅಂಟು ಬೇಕು. ನಾನು ಬಳಸುವುದು ಟಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್. ಎರಡು ಹೋಳು ಒತ್ತಿ ಹಿಡಿದು ಬಿರುಕಿಗೆ ಬ್ರಷ್‌ನ ತುದಿ ಮುಟ್ಟಿಸಿ, ಅಂಟು ತಾನೇ ಒಳಗೆ ಓಡುತ್ತದೆ.

ಒಡಲು ಮುಚ್ಚುವ ಮುನ್ನ ಎರಡು ಕೆಲಸ. ಕಾಕ್‌ಪಿಟ್‌ಗೆ ಸೋವಿಯತ್ ವಿಮಾನಗಳ ಆ ನೀಲಿ-ಹಸಿರು ಬಣ್ಣ ಬಳಿಯಿರಿ. ಸೀಟಿನ ಬೆಲ್ಟ್‌ಗೆ ಮಾಸ್ಕಿಂಗ್ ಟೇಪಿನ ಕಡ್ಡಿಯಗಲದ ಪಟ್ಟಿ ಸಾಕು, ದುಬಾರಿ ಲೋಹದ ಬೆಲ್ಟ್ ಮುಚ್ಚಳದೊಳಗೆ ಯಾರಿಗೂ ಕಾಣದು. ಎರಡನೆಯದು ಮೂಗಿನೊಳಗೆ ಗಾಳದ ಸೀಸದ ಗುಂಡು. ಮರೆತರೆ ವಿಮಾನ ಮುಂದಿನ ಚಕ್ರ ಎತ್ತಿ ಬಾಲದ ಮೇಲೆ ಕೂರುವ ಅಪಾಯವಿದೆ.

ಬಿರುಕುಗಳಿಗೆ ಪುಟ್ಟಿ ತುಂಬಿ, ನೀರು ಹಚ್ಚಿ 400, 800, 1200 ನಂಬರಿನ ಉಪ್ಪುಕಾಗದದಿಂದ ಉಜ್ಜಿ. ಪಾರದರ್ಶಕ ಮುಚ್ಚಳಕ್ಕೆ ಟೇಪ್ ಅಂಟಿಸಿ ಪ್ರೈಮರ್ ಹಾಕಿ, ಆಮೇಲೆ ಬಣ್ಣವನ್ನು ತೆಳುವಾಗಿ ಮೂರು ಸಲ. ಬೈಸನ್ ಆದರೆ ಬೂದು. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ ಬೇಡ. ಗೋಡೆ, ಗೇಟಿಗೆ ಸರಿ, ವಿಮಾನದ ಮೈಮೇಲೆ ಕೆತ್ತಿದ ಕೂದಲೆಳೆಯ ಗೆರೆಗಳನ್ನು ಅದು ಹೂತುಹಾಕುತ್ತದೆ.

ಡಿಕಾಲ್

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಮ್ಯಾಟ್ ಬಣ್ಣ ಕಣ್ಣಿಗೆ ನಯವಾಗಿ ಕಂಡರೂ ಭೂತಗನ್ನಡಿಯಲ್ಲಿ ಉಪ್ಪುಕಾಗದದಂತಿರುತ್ತದೆ. ಡಿಕಾಲಿನ ಪೊರೆ ಆ ಉಬ್ಬುಗಳ ಮೇಲಷ್ಟೇ ಕೂತು, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಬೆಳ್ಳಗೆ ಹೊಳೆಯುವುದು ಆ ಗಾಳಿಯೇ. ಆದ್ದರಿಂದ ಮೊದಲು ಇಡೀ ವಿಮಾನಕ್ಕೆ ಹೊಳಪಿನ ಗ್ಲಾಸ್ ವಾರ್ನಿಶ್ ಎರಡು ಪದರ. ಪೂರ್ತಿ ಒಂದು ದಿನ ಒಣಗಲಿ. ಬೆರಳು ಜಾರುವಷ್ಟು ನಯವಾಗುವ ತನಕ ಡಿಕಾಲ್ ಹಾಳೆ ಮುಟ್ಟಬೇಡಿ. ಜಡಿಮಳೆಯ ದಿನ ಲ್ಯಾಕರ್ ಸ್ಪ್ರೇ ಹೊಡೆದರೆ ತೇವ ಹಿಡಿದು ಬಿಳುಚುತ್ತದೆ, ಬಿಸಿಲು ಬರುವ ತನಕ ಕಾಯಿರಿ.

ನೀರು ಉಗುರುಬೆಚ್ಚಗಿರಲಿ, ಆರ್‌ಒ ನೀರಾಗಿರಲಿ. ಬೋರ್‌ವೆಲ್ ನೀರು ಒಣಗಿದ ಮೇಲೆ ಸ್ಟೀಲ್ ಲೋಟದ ಮೇಲೆ ಬಿಡುವ ಬಿಳಿ ಕಲೆಯನ್ನೇ ಇಲ್ಲೂ ಬಿಡುತ್ತದೆ. ಹಾಳೆಯಲ್ಲಿ ನಿಮಗೆ ಬೇಡದ ಯಾವುದಾದರೂ ಗುರುತಿದ್ದರೆ ಅದನ್ನು ಮೊದಲು ಪ್ರಯೋಗಕ್ಕೆ ಬಲಿ ಕೊಡಿ. ಒಂದೊಂದನ್ನೇ ಅಂಚಿಗೆ ಹತ್ತಿರವಾಗಿ ಕತ್ತರಿಸಿ, ಚಿಮಟದಲ್ಲಿ ಹಿಡಿದು ಹತ್ತು-ಹದಿನೈದು ಸೆಕೆಂಡ್ ಮುಳುಗಿಸಿ, ಹೊರತೆಗೆದು ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಬಿಡಿ. ಬಟ್ಟಲಲ್ಲೇ ತೇಲಲು ಬಿಟ್ಟರೆ ಹಿಂಬದಿಯ ಅಂಟು ತೊಳೆದುಹೋಗುತ್ತದೆ.

ಅಂಟಿಸುವ ಜಾಗಕ್ಕೆ ನೀಲಿ ಲೇಬಲ್ಲಿನ ಮೈಕ್ರೋ ಸೆಟ್ ಎಂಬ, ಡಿಕಾಲ್ ಕೂರಿಸುವ ದ್ರವ ಹಚ್ಚಿ. ಅದು ಸಿಗದಿದ್ದರೆ ಅಡುಗೆಮನೆಯ ಬಿಳಿ ವಿನಿಗರ್‌ಗೆ ಸಮ ನೀರು ಬೆರೆಸಿದರೆ ಸುಮಾರಾಗಿ ನಡೆಯುತ್ತದೆ. ಕಾಗದವನ್ನು ಜಾಗದ ಮೇಲಿಟ್ಟು, ಪೊರೆಯನ್ನು ಒದ್ದೆ ಬ್ರಷ್‌ನಿಂದ ಜಾರಿಸಿ. ಬೆರಳು ಬೇಡ. ಸರಿಯಾಗಿ ಕೂತ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒದ್ದೆ ಮಾಡಿ ನಡುವಿನಿಂದ ಅಂಚಿಗೆ ಉರುಳಿಸಿ ನೀರು ತೆಗೆಯಿರಿ. ಉರುಳಿಸಿ ಎಂದೆ, ಉಜ್ಜಿ ಅಂದಿಲ್ಲ.

ಆಮೇಲೆ ಮೇಲಿನಿಂದ ಪೊರೆಯನ್ನು ಮೆತ್ತಗಾಗಿಸುವ ಕೆಂಪು ಲೇಬಲ್ಲಿನ ಮೈಕ್ರೋ ಸಾಲ್. ಎಲ್ಲರೂ ಎಡವುವುದು ಇಲ್ಲೇ. ಎರಡು ನಿಮಿಷದಲ್ಲಿ ಡಿಕಾಲ್ ಕುದಿವ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಎದೆ ಧಸಕ್ ಎನ್ನುತ್ತದೆ, ಸರಿಮಾಡಲು ಕೈ ಹೋಗುತ್ತದೆ. ಮುಟ್ಟಿದಿರೋ ಹರಿಯಿತು. ಎದ್ದುಹೋಗಿ ಕಾಫಿ ಮಾಡಿಕೊಳ್ಳಿ. ಒಣಗುತ್ತಾ ಪೊರೆ ತಾನೇ ಗೆರೆಗಳೊಳಗೆ ಇಳಿದು ಬಣ್ಣದ ಹಾಗೆ ಕೂರುತ್ತದೆ. ಮರುದಿನವೂ ಎಲ್ಲೋ ಬೆಳ್ಳಿ ಚುಕ್ಕೆ ಕಂಡರೆ ಸೂಜಿಮೊನೆಯಿಂದ ಚುಚ್ಚಿ ಇನ್ನೊಂದು ಹನಿ ಸಾಲ್. ದಿನಕ್ಕೆ ಒಂದೇ ಬದಿ ಮಾಡಿ. ಎರಡೂ ಬದಿ ಒಂದೇ ರಾತ್ರಿ ಮುಗಿಸುತ್ತೇನೆಂದು ಹೊರಟವರ ವಿಮಾನದಲ್ಲಿ ಹೆಬ್ಬೆಟ್ಟಿನ ಗುರುತು ಖಾಯಂ.

ಹಳೇ ಕಿಟ್‌ನ ಹಾಳೆ ಹಳದಿಗಟ್ಟಿದ್ದರೆ ಕಿಟಕಿ ಗಾಜಿಗೆ ಟೇಪ್ ಮಾಡಿ ಕೆಲವು ದಿನ ಬಿಸಿಲು ಕಾಣಿಸಿ. ಬಿಳಿಯೊಳಗಿಂದ ಬೂದು ಇಣುಕುವ ಅಗ್ಗದ ಹಾಳೆಗೆ ಮಾತ್ರ ಯಾವ ಮದ್ದೂ ಇಲ್ಲ.

ಕೊನೆಯ ಕೆಲಸ

ಗೆರೆಗಳಿಗೆ ಕಪ್ಪು ತುಂಬುವ ಚಟ ಈಗ ವಿಪರೀತವಾಗಿದೆ. 1:72 ಮಾದರಿಯನ್ನು ಒಂದಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿಯಿಂದ ನೋಡಿದಂತೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಮಾರುತ್ ವಿಮಾನವಿದೆ. ಅಷ್ಟೇ ದೂರ ನಿಂತು ಎಷ್ಟು ಗೆರೆ ಕಾಣುತ್ತವೆ ಎಣಿಸಿ ಬನ್ನಿ. ಬೂದು ಬಣ್ಣಕ್ಕಿಂತ ತುಸು ಗಾಢವಾದ ಆಯಿಲ್ ಬಣ್ಣವನ್ನು ತೆಳು ಮಾಡಿ ಹರಿಸಿ ಒರೆಸಿದರೆ ಬೇಕಾದಷ್ಟಾಯಿತು. ಅದರ ಮೇಲೆ ಮ್ಯಾಟ್ ವಾರ್ನಿಶ್ ಹೊಡೆದು, ಮುಚ್ಚಳದ ಟೇಪ್ ತೆಗೆಯಿರಿ.

ಮೂಗಿನಿಂದ ಮುಂದಕ್ಕೆ ಚಾಚಿದ, ವೇಗ ಅಳೆಯುವ ಪಿಟೋ ಕೊಳವೆಯನ್ನು ಕಿಟ್‌ನ ಪ್ಲಾಸ್ಟಿಕ್ ಕಡ್ಡಿಯಲ್ಲಿ ಮಾಡಬೇಡಿ, ದಪ್ಪವಾಗಿ ಕಾಣುತ್ತದೆ. ಮೆಡಿಕಲ್ ಶಾಪಿನ ಹೊಸ ಇಂಜೆಕ್ಷನ್ ಸೂಜಿಯ ಮೊನೆ ಕತ್ತರಿಸಿ, ತುದಿ ಅರದಿಂದ ಉಜ್ಜಿ ಬಳಸಿ. ಲೋಹಕ್ಕೆ ತೆಳು ಅಂಟು ಹಿಡಿಯುವುದಿಲ್ಲ, ಇದೊಂದಕ್ಕೆ ಮಾತ್ರ ಆ ಫೆವಿಕ್ವಿಕ್ ಡ್ರಾಯರ್‌ನಿಂದ ಹೊರಬರಲಿ. ಕೊಳವೆ ಕೂರಿಸುವುದು ಎಲ್ಲಕ್ಕಿಂತ ಕಡೆಯಲ್ಲಿ. ನಮ್ಮ ಮನೆಯಲ್ಲಿ ಅದನ್ನು ಎರಡು ಸಲ ಮುರಿದದ್ದು ಬೆಕ್ಕಲ್ಲ, ನನ್ನದೇ ಅಂಗಿಯ ತೋಳು.