ಕಾರಿಲ್ಲದೆ ಯಾರ್ಮತ್ ನೋಡಿದ್ದು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಾಚೆಯ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗುವ ನಮ್ಮವರು ಕಾರನ್ನೂ ಫೆರ್ರಿಗೆ ಹತ್ತಿಸಿಕೊಂಡು, ಒಂದೇ ದಿನದಲ್ಲಿ ಇಡೀ ದ್ವೀಪ ಸುತ್ತಿ ಸುಸ್ತಾಗಿ ಬರುತ್ತಾರೆ. ನಾನು ಯಾರ್ಮತ್ ಎಂಬ ಪುಟ್ಟ ಊರು, ಅದರ ಪಕ್ಕದ ಯಾರ್ ನದಿ, ಇಷ್ಟೇ ಸಾಕು ಎಂದುಕೊಂಡೆ.

ಲಂಡನ್ ವಾಟರ್ಲೂನಿಂದ ಬ್ರೋಕನ್‌ಹರ್ಸ್ಟ್‌ಗೆ ರೈಲು, ಅಲ್ಲಿ ಗಾಡಿ ಬದಲಿಸಿ ಲಿಮಿಂಗ್ಟನ್ ಪಿಯರ್. ಸ್ಟೇಷನ್ ಪಕ್ಕದಲ್ಲೇ ಫೆರ್ರಿ. ಸುಮಾರು 40 ನಿಮಿಷದ ಹಾದಿ. ಎಷ್ಟೇ ಚಳಿಯಿದ್ದರೂ ಮೇಲಿನ ಡೆಕ್ಕಿನಲ್ಲೇ ನಿಲ್ಲಿ. ಇಳಿಯುವ ಕಟ್ಟೆಗೆ ಅಂಟಿಕೊಂಡೇ ಕೋಟೆಯಿದೆ, ನೀರಿನಿಂದ ನೋಡಿದರೇ ಅದರ ಗತ್ತು.

1545ರಲ್ಲಿ ಫ್ರೆಂಚರು ದ್ವೀಪಕ್ಕೆ ನುಗ್ಗಿದ್ದರು. ಆ ಭಯಕ್ಕೆ ಎಂಟನೆಯ ಹೆನ್ರಿ ಕಟ್ಟಿಸಿದ ಕೋಟೆಯಿದು. ಕೆಲಸ ಮುಗಿಯುವುದರೊಳಗೆ, 1547ರಲ್ಲಿ, ರಾಜನೇ ತೀರಿಕೊಂಡ. ಒಳಗೆ ದೊಡ್ಡದೇನಿಲ್ಲ. ಆದರೆ ಊರಿನ ಕಡೆಯ ಮೂಲೆಯ ಕೊತ್ತಳ ನೋಡಲೇಬೇಕು. ಅದು ಬಾಣದ ಮೊನೆಯಂತಿದೆ. ದುಂಡು ಕೊತ್ತಳದ ಬುಡದಲ್ಲಿ ಶತ್ರು ಅವಿತರೆ ಮೇಲಿನ ಫಿರಂಗಿಗೆ ಕಾಣುವುದಿಲ್ಲ. ಈ ಆಕಾರದಲ್ಲಿ ಗೋಡೆಯುದ್ದಕ್ಕೂ ಗುಂಡು ಹಾರಿಸಬಹುದು. ಇಂಗ್ಲೆಂಡಿನಲ್ಲಿ ಉಳಿದಿರುವ ಇಂಥ ಕೊತ್ತಳಗಳಲ್ಲಿ ಇದೇ ಹಳೆಯದು.

ಸೇಂಟ್ ಜೇಮ್ಸ್ ಚರ್ಚಿನಲ್ಲಿ, ಹದಿನೇಳನೆಯ ಶತಮಾನದಲ್ಲಿ ದ್ವೀಪದ ಗವರ್ನರ್ ಆಗಿದ್ದ ರಾಬರ್ಟ್ ಹೋಮ್ಸ್‌ನ ಅಮೃತಶಿಲೆಯ ಪ್ರತಿಮೆಯಿದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆಂದು ಕೆತ್ತುತ್ತಿದ್ದ ಪ್ರತಿಮೆ ಹಡಗಿನೊಂದಿಗೆ ಇವನ ಕೈಗೆ ಸಿಕ್ಕಿತಂತೆ, ತಲೆ ಮಾತ್ರ ತನ್ನದು ಮಾಡಿಸಿಕೊಂಡನಂತೆ. ನಿಜವೋ ಸುಳ್ಳೋ, ಆ ಮೈಗೂ ಮುಖಕ್ಕೂ ಹೊಂದಿಕೆಯಿಲ್ಲ ಎಂದು ನನಗಂತೂ ಅನ್ನಿಸಿತು.

ಕಡಲೊಳಗೆ ಚಾಚಿಕೊಂಡ 1876ರ ಮರದ ಪಿಯರ್ ಮೇಲೆ ಒಂದು ಸುತ್ತು ಹಾಕಿ ನದಿಯ ಕಡೆ ತಿರುಗಿದೆ. 1953ರಲ್ಲಿ ನಿಂತುಹೋದ ರೈಲಿನ ಹಾದಿಯೇ ಈಗ ಕಾಲುದಾರಿ. ಪೂರ್ವ ದಂಡೆಯಲ್ಲಿ ಫ್ರೆಶ್‌ವಾಟರ್‌ವರೆಗೆ ಸಮತಟ್ಟು ನೆಲ, ಮಕ್ಕಳೂ ನಡೆಯಬಹುದು. ದಾರಿಯಲ್ಲಿ 1793ರ ಇಟ್ಟಿಗೆಯ ಗಿರಣಿ ಸಿಗುತ್ತದೆ. ಅದರ ಚಕ್ರ ತಿರುಗುತ್ತಿದ್ದದ್ದು ಭರತದಲ್ಲಿ ತುಂಬಿಸಿಟ್ಟ ನೀರನ್ನು ಇಳಿತದಲ್ಲಿ ಬಿಟ್ಟು. ಹೊರಡುವ ಮುಂಚೆ ಆ ದಿನದ ಭರತ–ಇಳಿತದ ವೇಳೆ ನೋಡಿಕೊಳ್ಳಿ: ತುಂಬಿದಾಗ ನದಿ ಚೆಂದ, ಇಳಿದಾಗ ಕೆಸರಿನಲ್ಲಿ ಮೇಯುವ ಬೆಳ್ಳಕ್ಕಿ, ಕಡಲಹಕ್ಕಿಗಳು. ನನಗೆ ಇಳಿತವೇ ಇಷ್ಟವಾಯಿತು.

ಈ ನದಿ ಹುಟ್ಟುವುದು ದಕ್ಷಿಣ ಕಡಲಿಗೆ ತೀರಾ ಹತ್ತಿರ, ಆದರೂ ಹರಿಯುವುದು ಉತ್ತರಕ್ಕೆ. ಹಾಗಾಗಿ ದ್ವೀಪದ ಪಶ್ಚಿಮದ ತುದಿ ತಾನೇ ಇನ್ನೊಂದು ದ್ವೀಪವಾಗುವುದು ಸ್ವಲ್ಪದರಲ್ಲಿ ತಪ್ಪಿದೆ. ಫ್ರೆಶ್‌ವಾಟರ್‌ನಲ್ಲಿ ನದಿಗೆ ಅಡ್ಡಲಾಗಿರುವ ಏರುದಾರಿ, ಅಂದರೆ ಕಾಸ್‌ವೇ, ದಾಟಿ, ಕವಿ ಟೆನ್ನಿಸನ್‌ನ ಹೆಂಡತಿ ಎಮಿಲಿಯ ಸಮಾಧಿಯಿರುವ ಆಲ್ ಸೇಂಟ್ಸ್ ಚರ್ಚ್ ನೋಡಿ, ಪಶ್ಚಿಮದ ಹೊಲಗಳ ನಡುವೆ ಮರಳಿದೆ. ಮಳೆ ಬಂದಿದ್ದರೆ ಈ ಕಡೆ ಕೆಸರು. ಬೂಟು ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸಾಗಿ.