ಚಟ್ನಿಪುಡಿಯ ಲೆಕ್ಕ ಕಲಿತದ್ದು: ನನ್ನ ಅನುಭವ

ದಾವಣಗೆರೆಯಲ್ಲಿ ಚಟ್ನಿಪುಡಿ ಮಾಡಲು ಬಾರದ ಮನೆ ಸಿಗುವುದು ಕಷ್ಟ. ರೊಟ್ಟಿ ಬಡಿಯುವ ಮನೆಗಳಲ್ಲಿ ಶೇಂಗಾ, ಗುರೆಳ್ಳು, ಅಗಸೆ ಈ ಮೂರರ ಪುಡಿಯ ಡಬ್ಬಿಗಳು ಸಾಲಾಗಿ ಕುಳಿತಿರುತ್ತವೆ. ಆದ್ದರಿಂದ 2020ರ ಲಾಕ್‌ಡೌನ್‌ನಲ್ಲಿ ನಮ್ಮ ಯಜಮಾನರ ಕೆಲಸ ನಿಂತು, ನಾನೂ ನನ್ನ ಓರಗಿತ್ತಿಯೂ ನಿಟುವಳ್ಳಿಯ ಮನೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರಲು ತೊಡಗಿದಾಗ, ಇದರಲ್ಲಿ ಹೊಸದಾಗಿ ಕಲಿಯುವುದು ಏನಾದರೂ ಇದೆ ಎಂದು ನನಗೆ ತೋರಲಿಲ್ಲ. ಅತ್ತೆಯವರು ಕಲಿಸಿಕೊಟ್ಟ ಹದ ಕೈಯಲ್ಲಿತ್ತು, ತಿಂದವರು ಮತ್ತೆ ಕೇಳುತ್ತಿದ್ದರು, ಅಷ್ಟು ಸಾಕೆಂದುಕೊಂಡಿದ್ದೆ.

ಒಂದು ವರ್ಷ ಹಾಗೆಯೇ ನಡೆಯಿತು. ವಾರಕ್ಕೆ ಸುಮಾರು 30 ಕಿಲೋ ಪುಡಿ ಹನ್ನೆರಡು ಕಿರಾಣಿ ಅಂಗಡಿಗಳಿಗೆ ಹೋಗುತ್ತಿತ್ತು. ಶೇಂಗಾ ಬೀಜಕ್ಕೆ ಕಿಲೋಗೆ 120 ರೂಪಾಯಿ, ಮೇಲಿನ ಸಾಮಾನಿಗೆ 30 ಎಂದು ಮನಸ್ಸಿನಲ್ಲೇ ಕೂಡಿಸಿ, 200 ರೂಪಾಯಿಗೆ ಕೊಟ್ಟರೆ ಐವತ್ತು ಉಳಿಯುತ್ತದೆ ಎಂದು ನಂಬಿದ್ದೆ. ದುಡ್ಡು ಕೈಯಲ್ಲಿ ಓಡಾಡುತ್ತಿತ್ತು, ಆದರೆ ತಿಂಗಳ ಕೊನೆಗೆ ಡಬ್ಬಿಯಲ್ಲಿ ಏನೂ ಇರುತ್ತಿರಲಿಲ್ಲ. ಮನೆಯ ಹಾಲು, ಸೋಪಿನ ಖರ್ಚೂ ಅದೇ ಡಬ್ಬಿಯಿಂದ ಹೋಗುತ್ತಿದ್ದುದರಿಂದ ತಪ್ಪು ಎಲ್ಲಿದೆ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಕೊನೆಗೆ ನಾನು ಎತ್ತಿದ ಚೀಟಿಯ ಹಣವೂ ಅದರಲ್ಲೇ ಕರಗಿತು.

2021ರಲ್ಲಿ ಪರಿಚಯದವರೊಬ್ಬರು ಹೇಳಿದ ಮೇಲೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯ ತರಬೇತಿಗೆ ಸೇರಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸ್ವಉದ್ಯೋಗ ತರಬೇತಿ ಸಂಸ್ಥೆಯ ಶಾಖೆ ಇದು. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಹತ್ತು ದಿನ ಮನೆ ಬಿಟ್ಟು ಇರುವುದಕ್ಕೆ ಮನೆಯವರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಪುಡಿ ಮಾಡುವುದನ್ನು ಅಲ್ಲಿ ಕಲಿಸುತ್ತಾರೆಂದು ನಾನು ಹೋಗಿರಲಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ಪ್ರಮಾಣಪತ್ರ ನೋಡುತ್ತಾರೆ ಎನ್ನುವುದೊಂದೇ ಕಾರಣವಾಗಿತ್ತು. ಆದರೆ ನನ್ನ ವ್ಯಾಪಾರವನ್ನು ಬದಲಾಯಿಸಿದ್ದು ಅಲ್ಲಿನ ಒಂದು ಮಧ್ಯಾಹ್ನ.

ಅಂದು ಪ್ರತಿಯೊಬ್ಬರೂ ತಮ್ಮ ಪದಾರ್ಥದ ವೆಚ್ಚವನ್ನು ಒಂದು ಹಾಳೆಯ ಮೇಲೆ ಬರೆಯಬೇಕಿತ್ತು. ನಾನು ಬರೆದದ್ದು ನಾಲ್ಕು ಸಾಲು. ತರಬೇತುದಾರರು ಅದನ್ನು ಓದಿ, “ಇದರಲ್ಲಿ ನಿಮ್ಮ ಕೂಲಿ ಎಲ್ಲಿದೆ ಅಮ್ಮಾ?” ಎಂದು ಕೇಳಿದರು. “ಮನೆಯ ಕೆಲಸ ಅಲ್ಲವೇ ಸರ್, ಅದಕ್ಕೇಕೆ ಕೂಲಿ?” ಎಂದೆ. “ನಾಳೆ ನಿಮಗೆ ಜ್ವರ ಬಂದರೆ ಶೇಂಗಾ ಹುರಿಯಲು ಯಾರನ್ನೋ ಕರೆಯುತ್ತೀರಲ್ಲ, ಅವರು ಪುಕ್ಕಟೆ ಬರುತ್ತಾರೆಯೇ?” ಎಂದರು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಕಿಲೋ ಪುಡಿಯ ಲೆಕ್ಕವನ್ನು ಮೊದಲಿನಿಂದ ಬರೆಸಿದರು. ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಹತ್ತು ಕಿಲೋ ಪುಡಿಗೆ 9 ಕಿಲೋ ಶೇಂಗಾ ಬೀಜ ಬೇಕು. ಹುರಿದು, ಸಿಪ್ಪೆ ಕೇರಿ, ಮುರುಟಿದ ಮತ್ತು ಕಪ್ಪಾದ ಬೀಜಗಳನ್ನು ಆರಿಸಿ ತೆಗೆದ ಮೇಲೆ ಅದು 8 ಕಿಲೋ ಆಗುತ್ತದೆ. ಈ ಒಂದು ಕಿಲೋ ಸವಕಳಿಯನ್ನು ನಾನು ಒಂದು ವರ್ಷ ಕಣ್ಣಾರೆ ನೋಡುತ್ತಿದ್ದರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಶೇಂಗಾಕ್ಕೆ 1,080 ರೂಪಾಯಿ, ಖಾರದಪುಡಿಗೆ 280, ಬೆಳ್ಳುಳ್ಳಿಗೆ 120, ಜೀರಿಗೆಗೆ 60, ಉಪ್ಪು, ಹುಣಸೆಹಣ್ಣು, ಬೆಲ್ಲ, ಕರಿಬೇವಿಗೆ 100, ಒಟ್ಟು 1,640. ಅಂದರೆ ಸಾಮಾನಿಗೇ ಕಿಲೋಗೆ 164 ರೂಪಾಯಿ. 200 ಗ್ರಾಮಿನ ಐದು ಪೊಟ್ಟಣ ಮತ್ತು ಅದರ ಲೇಬಲ್ಲಿಗೆ 20, ಗ್ಯಾಸಿಗೆ 10, ಮಿಕ್ಸರ್ ಕರೆಂಟಿಗೆ 6, ಆಟೋ ಬಾಡಿಗೆಗೆ 8, ಅಂಗಡಿಯಿಂದ ಹಿಂದಕ್ಕೆ ಬರುವ ಮಾಲಿಗೆ 8. ಇಷ್ಟಕ್ಕೇ 216 ಆಯಿತು. ಇಬ್ಬರು ಅರ್ಧ ದಿನ ದುಡಿದರೆ ಹತ್ತು ಕಿಲೋ ಆಗುತ್ತದೆ. ದಿನಗೂಲಿ 400 ಎಂದು ಹಿಡಿದರೂ ಕಿಲೋಗೆ 40 ರೂಪಾಯಿ ಕೂಲಿ. ಒಟ್ಟು 256. ನಾನು 200ಕ್ಕೆ ಕೊಡುತ್ತಿದ್ದೆ. ನಮ್ಮಿಬ್ಬರ ದುಡಿಮೆಯನ್ನು ಪಕ್ಕಕ್ಕಿಟ್ಟರೂ ಪ್ರತಿ ಕಿಲೋಗೆ 16 ರೂಪಾಯಿಯನ್ನು ಕೈಯಿಂದ ಹಾಕುತ್ತಿದ್ದೆ. ಚೀಟಿಯ ಹಣ ಎಲ್ಲಿ ಹೋಯಿತು ಎನ್ನುವುದು ಆ ಕ್ಷಣಕ್ಕೆ ತಿಳಿಯಿತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಊರಿಗೆ ಬಂದವಳೇ ಬೆಲೆಯನ್ನು ಹಿಂದಿನಿಂದ ಕಟ್ಟುವುದಕ್ಕೆ ಕುಳಿತೆ. 200 ಗ್ರಾಮಿನ ಪೊಟ್ಟಣಕ್ಕೆ ತಗಲುವುದು 51 ರೂಪಾಯಿ 20 ಪೈಸೆ. ಅಂಗಡಿಯವರಿಗೆ ನೂರಕ್ಕೆ ಇಪ್ಪತ್ತು ಬಿಡಬೇಕು. 70 ರೂಪಾಯಿ ಎಂದು ಮುದ್ರಿಸಿದರೆ ನನಗೆ ಬರುವುದು 56, 75 ಎಂದರೆ 60. ಎರಡನೆಯದನ್ನು ಆರಿಸಿದೆ. ಅದರಲ್ಲಿ ಕಿಲೋಗೆ 44 ರೂಪಾಯಿ ಉಳಿಯುತ್ತದೆ. ಹನ್ನೆರಡು ಅಂಗಡಿಗಳಲ್ಲಿ ನಾಲ್ಕು ನನ್ನ ಮಾಲು ನಿಲ್ಲಿಸಿದವು. ಅವುಗಳಲ್ಲಿ ಎರಡು, ಗಿರಾಕಿಗಳು ಕೇಳಿದರೆಂದು ಮೂರು ತಿಂಗಳಲ್ಲಿ ಮತ್ತೆ ಕರೆದವು. ಉಳಿದೆರಡರ ಬಗ್ಗೆ ನನಗೆ ವ್ಯಥೆಯಿಲ್ಲ, ಅಲ್ಲಿ ಮಾರಿದ ಪ್ರತಿ ಪೊಟ್ಟಣವೂ ನನಗೆ ನಷ್ಟವನ್ನೇ ತರುತ್ತಿತ್ತು.

ಎರಡನೆಯದಾಗಿ ಅರ್ಥವಾದದ್ದು ಉದ್ರಿ. ಚಳ್ಳಕೆರೆಯಿಂದ ಬರುವ ಶೇಂಗಾಕ್ಕೆ ನಾನು ನಗದು ಎಣಿಸಬೇಕು, ಅಂಗಡಿಯವರು ನನಗೆ ಕೊಡುವುದು ಆರು ವಾರದ ಮೇಲೆ. ನಮ್ಮ ಕೂಲಿಯನ್ನೂ ಹಿಂದಕ್ಕೆ ಬರುವ ಮಾಲಿನ 8 ರೂಪಾಯಿಯನ್ನೂ ಬಿಟ್ಟು ಕಿಲೋಗೆ 208ರಂತೆ, ವಾರಕ್ಕೆ 30 ಕಿಲೋ ಎಂದರೆ ಕೈಯಿಂದ ಹೋಗುವುದು 6,240 ರೂಪಾಯಿ, ಆರು ವಾರಕ್ಕೆ 37,000ಕ್ಕೂ ಹೆಚ್ಚು. ಲಾಭದ ವ್ಯಾಪಾರವೇ ಆದರೂ ಇಷ್ಟು ಹಣ ಸದಾ ಹೊರಗೇ ಇರುತ್ತದೆ, ಇದು ಇಲ್ಲದಿದ್ದರೆ ಏಳನೆಯ ವಾರ ಒಲೆ ಹಚ್ಚುವಂತಿಲ್ಲ. ಪುಡಿ ಮಾಡುವ ಯಂತ್ರ ಕೊಳ್ಳಬೇಕೆಂದು ಮೊದಲು ಯೋಚಿಸಿದ್ದ ನಾನು, ಸಣ್ಣ ವ್ಯಾಪಾರಕ್ಕೆ ಸಾಲ ಕೊಡುವ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ದೊರೆತ 50,000 ರೂಪಾಯಿಯನ್ನು ಯಂತ್ರಕ್ಕೆ ಹಾಕದೆ ದುಡಿಯುವ ಬಂಡವಾಳವಾಗಿಯೇ ಇಟ್ಟುಕೊಂಡೆ. ನಾನು ಮಾಡಿದ ತೀರ್ಮಾನಗಳಲ್ಲಿ ಇದೇ ಸರಿಯಾದದ್ದು ಎಂದು ಈಗಲೂ ನಂಬುತ್ತೇನೆ. ಅಂಗಡಿಗೊಂದು ಪುಟ ಮಾಡಿ, ಹಳೆಯ ಬಿಲ್ಲು ಚುಕ್ತಾ ಆಗದೆ ಮೂರನೆಯ ಸಲ ಮಾಲು ಇಳಿಸುವುದಿಲ್ಲ ಎಂಬ ನಿಯಮವನ್ನೂ ಅಂದಿನಿಂದಲೇ ಇಟ್ಟುಕೊಂಡೆ. ಮೊದಮೊದಲು ಹೇಳಲು ನಾಲಿಗೆ ಏಳುತ್ತಿರಲಿಲ್ಲ, ಆದ್ದರಿಂದ ಆ ಪುಟವನ್ನೇ ತೆರೆದು ತೋರಿಸುತ್ತಿದ್ದೆ.

ಕಾಗದಪತ್ರಗಳ ಕೆಲಸ ನಾನು ಹೆದರಿದಷ್ಟು ಇರಲಿಲ್ಲ. ಆಗ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕಾಗಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಮಧ್ಯವರ್ತಿಗಳು ಇದಕ್ಕೂ ಸಾವಿರಗಟ್ಟಲೆ ಕೇಳುತ್ತಾರೆ, ಕೊಡಬೇಕಾಗಿಲ್ಲ. ಪೊಟ್ಟಣದ ಲೇಬಲ್ಲಿನ ಮೇಲೆ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ, ತೂಕ, ಬೆಲೆ, ತಯಾರಾದ ದಿನ, ವಿಳಾಸ, ಹಸಿರು ಚುಕ್ಕೆ ಇವೆಲ್ಲ ಇರಬೇಕು. ಶೇಂಗಾ ಕೆಲವರ ಮೈಗೆ ಒಗ್ಗುವುದಿಲ್ಲವಾದ್ದರಿಂದ ಅದು ಇದೆಯೆಂದು ಎದ್ದುಕಾಣುವಂತೆ ಬರೆಯುವುದೂ ಕಡ್ಡಾಯ.

ಹಿಂದಕ್ಕೆ ಬರುವ ಮಾಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಬಾರಿ ಹಬ್ಬದ ಅವಸರದಲ್ಲಿ ಪುಡಿ ಇನ್ನೂ ಬೆಚ್ಚಗಿರುವಾಗಲೇ ಪೊಟ್ಟಣ ಕಟ್ಟಿದೆವು. ಒಳಗೆ ಬೆವರಿನಂತೆ ಹನಿ ಕಟ್ಟಿ, ಇಪ್ಪತ್ತು ದಿನದಲ್ಲಿ ಕಮಟು ವಾಸನೆ ಬಂದು, ನಲವತ್ತು ಪೊಟ್ಟಣಗಳು ಮರಳಿ ಬಂದವು. ಈಗ ಹುರಿದ ಶೇಂಗಾವನ್ನು ಬಟ್ಟೆಯ ಮೇಲೆ ಹರವಿ, ಅಂಗೈ ಇಟ್ಟರೆ ತಣ್ಣಗೆ ತಾಗುವವರೆಗೆ ಕಾದು, ಪುಡಿ ಮಾಡಿದ ಮೇಲೂ ಮತ್ತೊಮ್ಮೆ ತಣ್ಣಗಾಗಲು ಬಿಡುತ್ತೇವೆ. ಮಿಕ್ಸರನ್ನು ಒಂದೇ ಸಮನೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬಿಟ್ಟು ಬಿಟ್ಟು ತಿರುಗಿಸಿದರೆ ಒರಳಿನಲ್ಲಿ ಕುಟ್ಟಿದಂತೆ ತರಿತರಿಯಾಗಿರುತ್ತದೆ. ಬೂಷ್ಟು ಹಿಡಿದ ಬೀಜ ಒಂದೂ ಉಳಿಯಬಾರದು. ಅದರಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಕೆಟ್ಟ ಬೀಜ ಆರಿಸಿ ತೆಗೆಯುವ ಕೆಲಸದ ಕೂಲಿಯನ್ನು ಕಡಿಮೆ ಮಾಡಲು ನಾನು ಎಂದೂ ಒಪ್ಪುವುದಿಲ್ಲ.

ಈಗ ವಾರಕ್ಕೆ 60 ಕಿಲೋ ಹೋಗುತ್ತದೆ. ಮುಂಗಾರು ಬೆಳೆ ಮಾರುಕಟ್ಟೆಗೆ ಬಂದು ದರ ಇಳಿದಾಗ ಎರಡು ಕ್ವಿಂಟಲ್ ಶೇಂಗಾವನ್ನು ಕಾಯಿಯಾಗಿಯೇ ಕೊಂಡಿಡುತ್ತೇನೆ, ಸಿಪ್ಪೆಯೊಳಗಿದ್ದರೆ ಬೇಗ ಕೆಡುವುದಿಲ್ಲ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ನೂರಕ್ಕೆ 35, ಅದರ ಮೇಲೆ ರಾಜ್ಯ ಸರ್ಕಾರದ 15, ಒಟ್ಟು ಅರ್ಧದಷ್ಟು ಸಹಾಯಧನ ಸಿಗುತ್ತದೆ, ಯಂತ್ರ ಹಾಕಿಬಿಡಿ ಎಂದು ಅನೇಕರು ಹೇಳುತ್ತಾರೆ. ಆದರೆ ಆ ಸಹಾಯಧನ ಕೈಗೆ ಬರುವ ಹಣವಲ್ಲ, ಸಾಲದ ಖಾತೆಗೆ ಹೋಗುವಂಥದ್ದು. ಮೂರು ಲಕ್ಷದ ಯಂತ್ರಗಳಿಗೆ ತಿಂಗಳ ಕಂತು 6,000 ಎಂದು ಹಿಡಿದರೆ, ಕಿಲೋಗೆ 44ರಂತೆ 136 ಕಿಲೋದ ಲಾಭ ಕಂತಿಗೇ ಬೇಕಾಗುತ್ತದೆ, ಅಂದರೆ ನನ್ನ ಈಗಿನ ಮಾರಾಟದ ಅರ್ಧಕ್ಕಿಂತ ಹೆಚ್ಚು. ವಾರಕ್ಕೆ 100 ಕಿಲೋ ಮುಟ್ಟಿದ ದಿನ ಅರ್ಜಿ ಹಾಕುವುದೆಂದು ನಾನೂ ಓರಗಿತ್ತಿಯೂ ನಿಶ್ಚಯಿಸಿದ್ದೇವೆ. ಯಂತ್ರಗಳ ದರಪಟ್ಟಿಯನ್ನು ತರಿಸಿ, ಆ ಹಳೆಯ ಹಾಳೆಯ ಜೊತೆಗೇ ಇಟ್ಟಿದ್ದೇನೆ.