ಕೆಟ್ಟ ಝೆರಾಕ್ಸ್ ಹಾಳೆ ಮೂವತ್ತೊಂದು ಫರಸಿ ಹಾರಿದ್ದು

ವಿಜಯಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಜೂನ್ ಬಂತೆಂದರೆ ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಎಂದು ಜನ ಮುಗಿಬೀಳುತ್ತಾರೆ. ಓರೆ ಬಿದ್ದ, ಯಂತ್ರದಲ್ಲಿ ಸಿಕ್ಕಿಕೊಂಡ ಹಾಳೆಗಳಿಂದ ದಿನಕ್ಕೊಂದು ಡಬ್ಬಿ ತುಂಬುತ್ತದೆ. ಹೋದ ವರ್ಷ ತಾಯಿಯ ಜೊತೆ ಬಂದಿದ್ದ ಹುಡುಗನೊಬ್ಬ ಆ ಡಬ್ಬಿಗೆ ಕೈ ಹಾಕಿ, ಒಂದು ಹಾಳೆ ತೆಗೆದು ವಿಮಾನ ಮಾಡಿ ಬಿಟ್ಟ. ಎರಡು ಮಾರು ಹೋಗಿ ಮೂತಿ ಕುಟ್ಟಿಕೊಂಡು ಬಿತ್ತು. ನಾನು ನಕ್ಕೆ. “ನಗುವುದಾದರೆ ನೀವೇ ಒಂದು ಮಾಡಿ ಬಿಡಿರಿ ಕಾಕಾ” ಎಂದ. ಮಾಡಿದೆ. ನನ್ನದು ಒಂದೂವರೆ ಮಾರು ಹೋಯಿತು.

ಇಪ್ಪತ್ತು ವರ್ಷ ಕಾಗದದ ಜೊತೆಗೇ ಬದುಕಿದವನಿಗೆ ಇದು ಸ್ವಲ್ಪ ಚುಚ್ಚಿತು.

ಮೊದಲು ಮಾಳಿಗೆಯ ಮೇಲೆ ಪ್ರಯತ್ನಿಸಿದೆ. ನಮ್ಮ ಕಡೆ ಕಾರ ಹುಣ್ಣಿಮೆಯ ಆಸುಪಾಸಿನ ಗಾಳಿ ಗಾಳಿಪಟಕ್ಕೆ ಹೇಳಿ ಮಾಡಿಸಿದ್ದು, ಕಾಗದದ ವಿಮಾನಕ್ಕೆ ಅಲ್ಲ. ನಾಲ್ಕು ವಿಮಾನ ನೆರೆಮನೆಯವರ ಅಂಗಳ ಸೇರಿದವು. ಕೊನೆಗೆ ಭಾವನ ಗೋದಾಮು ನೆನಪಾಯಿತು. ಒಣದ್ರಾಕ್ಷಿಯ ಪೆಟ್ಟಿಗೆಗಳು ಖಾಲಿಯಾಗಿದ್ದವು. ಬಾಗಿಲು ಹಾಕಿದರೆ ಗಾಳಿಯ ಸುಳಿವಿಲ್ಲ. ನೆಲಕ್ಕೆ ಎರಡಡಿಯ ಶಹಾಬಾದ್ ಫರಸಿ, ಅಂದರೆ ಕಲ್ಲಿನ ಚಪ್ಪಡಿ, ಹಾಸಿದ್ದರಿಂದ ಅಳತೆ ಪಟ್ಟಿಯೂ ಬೇಕಾಗಲಿಲ್ಲ, ಫರಸಿ ಎಣಿಸಿದರೆ ಸಾಕು.

ಮಡಿಕೆ ಹೀಗೆ. ಎ4 ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ ಬಿಚ್ಚಿ, ಮೇಲಿನ ಎರಡು ಮೂಲೆಗಳನ್ನು ನಡುಗೆರೆಗೆ ತಂದೆ. ಆದ ತ್ರಿಕೋನವನ್ನು ಅದರ ಬುಡದಲ್ಲೇ ಕೆಳಕ್ಕೆ ಮಡಚಿದೆ. ಈಗ ಮೇಲೆ ಮತ್ತೆ ಎರಡು ಮೂಲೆ ಸಿಗುತ್ತವೆ. ಅವನ್ನೂ ನಡುಗೆರೆಗೆ ತರಬೇಕು, ಆದರೆ ಆ ತ್ರಿಕೋನದ ತುದಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆಯೇ ಕೂಡಿಸಬೇಕು. ಆಗ ಮೂತಿ ಚೂಪಾಗದೆ ಮೊಂಡಾಗಿ ನಿಲ್ಲುತ್ತದೆ. ಕೆಳಗೆ ಉಳಿದ ಪುಟ್ಟ ತುದಿಯನ್ನು ಮೇಲಕ್ಕೆ ಮಡಚಿ ಆ ಎರಡು ಮೂಲೆಗಳ ಮೇಲೆ ಚಿಲಕ ಹಾಕಿದಂತೆ ಕೂರಿಸಿದೆ. ಆ ಚಿಲಕ ಹೊರಗೆ ಕಾಣುವಂತೆ ಇಡೀ ಹಾಳೆಯನ್ನು ಅರ್ಧ ಮಡಚಿ, ಹಿಡಿಯಲು ಸುಮಾರು ಎರಡು ಸೆಂಟಿಮೀಟರ್ ಬಿಟ್ಟು ರೆಕ್ಕೆ ಇಳಿಸಿದೆ. ಇದಕ್ಕೆ ನಕಮುರಾ ಬೀಗ ಎಂಬ ಹೆಸರಿದೆ. ಕಾಗದದ ಭಾರವೆಲ್ಲ ಮುಂದೆ ಬರುತ್ತದೆ, ಹಾರುವಾಗ ಮಡಿಕೆ ಬಾಯಿ ತೆರೆಯುವುದಿಲ್ಲ. ಪ್ರತಿ ಮಡಿಕೆಯನ್ನೂ ಉಗುರಿನ ಬೆನ್ನಿನಿಂದ ಗಟ್ಟಿಯಾಗಿ ತೀಡಬೇಕು.

ಆದರೂ ಒಂಬತ್ತೇ ಫರಸಿ! ಅದೂ ಎಡಕ್ಕೆ ವಾಲಿಕೊಂಡು.

ಎರಡು ದಿನ ಮಡಿಕೆಯನ್ನೇ ಬೈದೆ. ತಪ್ಪು ಹಾಳೆಯಲ್ಲಿತ್ತು. ಯಂತ್ರದೊಳಗಿನ ಕಾದ ರೋಲರ್ ದಾಟಿ ಬಂದ ಹಾಳೆ ಸೊಟ್ಟಗಾಗಿರುತ್ತದೆ. ಅದನ್ನು ಮೇಜಿನ ಮೇಲಿಟ್ಟರೆ ಅಂಚು ಎದ್ದು ನಿಲ್ಲುವುದನ್ನು ದಿನಾ ನೋಡಿದವನು ನಾನೇ, ಹೊಳೆದಿರಲಿಲ್ಲ. ಅಂಥ ಹಾಳೆಯ ಎರಡು ರೆಕ್ಕೆ ಒಂದೇ ತರಹ ಇರಲು ಹೇಗೆ ಸಾಧ್ಯ? ಅಂದಿನಿಂದ ಕೆಟ್ಟ ಹಾಳೆಗಳನ್ನು ರೀಮುಗಳ ಅಡಿಯಲ್ಲಿ ಎರಡು ದಿನ ಒತ್ತಿಟ್ಟು ಬಳಸುತ್ತೇನೆ. (ಆಧಾರ್ ಪ್ರತಿ ಕೆಟ್ಟರೆ ಮಾತ್ರ ಹರಿದೇ ಹಾಕುತ್ತೇನೆ. ಯಾರದೋ ಸಂಖ್ಯೆ ಗಾಳಿಯಲ್ಲಿ ಹಾರಾಡಬಾರದು.)

ಉಳಿದದ್ದು ಬಾಲ ತಿದ್ದುವ ಕೆಲಸ, ನಿಜವಾದ ಕೆಲಸವೂ ಅದೇ. ರೆಕ್ಕೆಯ ಹಿಂದಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಜೋಳದ ಕಾಳಿನ ಎತ್ತರದಷ್ಟು ಮೇಲಕ್ಕೆ ಬಾಗಿಸಿದೆ. ಗೆರೆ ಬೀಳುವಂತೆ ಮಡಚಲಿಲ್ಲ, ಬರೀ ಬಾಗಿಸಿದೆ. ಮೂತಿ ಕುಟ್ಟುವುದು ನಿಂತಿತು. ಆಸೆಗೆ ಬಿದ್ದು ಇನ್ನಷ್ಟು ಬಾಗಿಸಿದರೆ ವಿಮಾನ ತಲೆಯೆತ್ತಿ, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಕುಸಿದು ಬಿತ್ತು. ಮತ್ತೆ ಅರ್ಧಕ್ಕೆ ಇಳಿಸಿದೆ. ಎಡಕ್ಕೆ ಎಳೆಯುವ ಚಾಳಿಗೆ ಬಲರೆಕ್ಕೆಯ ಅಂಚನ್ನು ಮಾತ್ರ ಕೂದಲೆಳೆಯಷ್ಟು ಹೆಚ್ಚು ಎತ್ತಿದೆ. ಹಿಂದಿನಿಂದ ನೋಡಿದಾಗ ರೆಕ್ಕೆಗಳು ಸ್ವಲ್ಪ ಮೇಲ್ಮುಖವಾಗಿರಬೇಕು, ಜೋತುಬಿದ್ದರೆ ವಿಮಾನ ಮಗುಚುತ್ತದೆ.

ಎಸೆಯುವುದರಲ್ಲೂ ನಾನು ಕಲ್ಲು ಬೀಸಿದಂತೆ ಬೀಸುತ್ತಿದ್ದೆ. ಐದು ಗ್ರಾಮೂ ತೂಗದ ವಸ್ತು ಅದು. ಭುಜದ ಎತ್ತರದಿಂದ, ಬಾಗಿಲ ಸಂದಿಯಲ್ಲಿ ಪತ್ರ ತೂರಿಸಿದಂತೆ ನೇರಕ್ಕೆ ಬಿಟ್ಟಾಗ ಹದಿನೆಂಟು ಫರಸಿಯಾಯಿತು, ಇಪ್ಪತ್ತಾರಾಯಿತು, ಒಂದು ಸಂಜೆ ಮೂವತ್ತೊಂದಾಯಿತು. ಅಂದರೆ ಅರವತ್ತೆರಡು ಅಡಿ.

ಹುಡುಗ ಮತ್ತೆ ಬಂದಾಗ ಬೀಗುತ್ತಲೇ ಹೇಳಿದೆ. ಅವನು ಅವ್ವನ ಮೊಬೈಲಿನಲ್ಲಿ ಹುಡುಕಿ ತೋರಿಸಿದ: 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ತರುಣರ ವಿಮಾನ 88.318 ಮೀಟರ್ ಹೋಗಿದೆ. ನನ್ನ ಲೆಕ್ಕದಲ್ಲಿ ನೂರ ನಲವತ್ತೈದು ಫರಸಿ. ನಮ್ಮ ಗೋಳಗುಮ್ಮಟದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಂಥ ಎರಡು ಗುಮ್ಮಟ ಪಕ್ಕಪಕ್ಕಕ್ಕೆ ಇಟ್ಟಷ್ಟು ದೂರ. ಅವರದು ಬಲವಾಗಿ ಎಸೆಯುವ ಜಾತಿ, ನನ್ನದು ತೇಲುವ ಜಾತಿ ಎಂದು ಸಮಜಾಯಿಷಿ ಕೊಟ್ಟೆ. ಅವನು ಒಪ್ಪಲಿಲ್ಲ. ಒತ್ತಿಟ್ಟಿದ್ದ ಹಾಳೆಗಳಿಂದ ಮೇಲಿನ ನಾಲ್ಕನ್ನು ಕೇಳದೆಯೇ ಎತ್ತಿಕೊಂಡು, “ಗೋದಾಮಿನ ಕೀಲಿ ಎಲ್ಲಿದೆ ಕಾಕಾ?” ಎಂದ.